ಫರಸಿಯ ಮೇಲಿನ ನೀರಿನ ಗೀರು

ನನ್ನ ಅಕ್ಕನಿಗೆಂದು ಬಂದ ಮಾತುಗಳನ್ನು ನಾನು ಅವಳಿಗೆ ಕೇಳಿಸಲಿಲ್ಲ. ಯುಗಾದಿಯಿಂದ ದಸರೆಯವರೆಗೆ ಬಂದ ಮಾತುಗಳು. ಎಲ್ಲವೂ ನನ್ನ ಕಿಸೆಯಲ್ಲೇ, ನನ್ನ ಫೋನಿನಲ್ಲೇ ಇದ್ದವು. ದಿನಾ ಸಂಜೆ ನಾನು ಹೊಸ್ತಿಲು ದಾಟುವ ಮೊದಲೇ ಅವಳು "ಏನಂದ್ರು?" ಎಂದು ಕೇಳುತ್ತಿದ್ದಳು. ದಿನಾ ಸಂಜೆ ನಾನು "ಯಾರೂ ಏನೂ ಅನ್ನಲಿಲ್ಲ" ಎನ್ನುತ್ತಿದ್ದೆ.

ಇಷ್ಟೇ ನನ್ನ ತಪ್ಪು. ಅವಳ ಮೇಲೆ ಕೈ ಎತ್ತಿದವನಲ್ಲ, ಹೊತ್ತಿನ ಊಟ ತಪ್ಪಿಸಿದವನಲ್ಲ. ಓಣಿಯಲ್ಲಿ ಯಾರನ್ನು ಕೇಳಿದರೂ, ತಮ್ಮನಾದವನು ಅಕ್ಕನನ್ನು ಚೆನ್ನಾಗಿಯೇ ನೋಡಿಕೊಂಡ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಅಲ್ಲಿಂದ ಎದ್ದು ಹೋಗುತ್ತೇನೆ.

ನಾನು ಓದಿದ್ದು ಏಳನೆಯ ಇಯತ್ತೆ. ಶಹಾಬಾದಿನ ಕಾರ್ಖಾನೆಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವುದು, ಗಿರಾಕಿ ಕರೆದರೆ ಅವರ ಮನೆಗೆ ಹೋಗಿ ಹಾಸುವುದು ನನ್ನ ಕೆಲಸ. ಬರೆಯುವುದು ನನ್ನ ಕೆಲಸವಲ್ಲ. ಅಕ್ಕನ ಬಗ್ಗೆ ಬರೆಯಬಲ್ಲವರು ಬೇರೆ ಇದ್ದಾರೆ. ಆದರೆ ನಡೆದದ್ದು ಪೂರ್ತಿ ಗೊತ್ತಿರುವವನು ನಾನು. ಅವಳ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಆ ಹೆಸರನ್ನು ಯಾರೂ ಬಳಸಲಿಲ್ಲ. ನನಗೆ ಅಕ್ಕ, ನನ್ನ ಹೆಂಡತಿಗೂ ಅಕ್ಕ, ಓಣಿಗೆಲ್ಲ ರೊಟ್ಟಿ ಅಕ್ಕ. ಸೇಡಂ ಕಡೆ ಮದುವೆ ಮಾಡಿಕೊಟ್ಟಿದ್ದೆವು. ಎರಡು ವರ್ಷಕ್ಕೆ ತಿರುಗಿ ಬಂದಳು. ಯಾಕೆ ಬಂದೆ ಎಂದು ಕೇಳಿದವರಿಗೆ, "ಅಲ್ಲಿ ನೀರು ಸಪ್ಪಗಿತ್ತು" ಎಂದು ಹೇಳಿ ರೊಟ್ಟಿ ಬಡಿಯುತ್ತಿದ್ದಳು. ಅದಕ್ಕಿಂತ ಹೆಚ್ಚು ಯಾರಿಗೂ ಹೇಳಲಿಲ್ಲ. ಒಂದು ಖಾನಾವಳಿಗೆ ದಿನಾ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಆ ಕೆಲಸ ಕೊನೆಯವರೆಗೂ ಬಿಡಲಿಲ್ಲ.

ಅಕ್ಕ ಚಿತ್ರ ತೆಗೆಯುತ್ತಿದ್ದದ್ದು ನೀರಿನಿಂದ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದ ಮೇಲೆ ಅದರ ಮೈಗೆ ನೀರು ಸವರಲು ಒಂದು ಅರಿವೆಯ ಚೂರು ಇಟ್ಟುಕೊಳ್ಳುತ್ತಾರಲ್ಲ, ಅದೇ ಅವಳ ಕುಂಚ. ಖಾನಾವಳಿಯ ರೊಟ್ಟಿ ಮುಗಿದ ಮೇಲೆ ಅದೇ ಅರಿವೆ, ಅದೇ ನೀರಿನ ಬೋಗುಣಿ ಹಿಡಿದು ಅಂಗಳಕ್ಕೆ ಬರುತ್ತಿದ್ದಳು. ನಮ್ಮ ಅಂಗಳದ ಫರಸಿ ನಾನೇ ಹಾಸಿದ್ದು. ಮೂಲೆ ಮುರಿದು ಯಾರಿಗೂ ಬೇಡವಾದ ಕಲ್ಲುಗಳು. ಒಣಗಿದಾಗ ಬೂದಿ ಬಣ್ಣ, ನೀರು ತಾಗಿದರೆ ಕಪ್ಪು. ಅವಳು ಮೊದಲು ಅಂಗೈಯ ಹಿಂಬದಿಯನ್ನು ಕಲ್ಲಿಗೆ ಒತ್ತಿ ಕಾವು ನೋಡುತ್ತಿದ್ದಳು, ಮಕ್ಕಳ ಹಣೆ ಮುಟ್ಟಿ ಜ್ವರ ನೋಡಿದಂತೆ. ಆಮೇಲೆ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ, ಕುಕ್ಕರಗಾಲಲ್ಲಿ ಕುಳಿತು ಶುರು ಮಾಡುತ್ತಿದ್ದಳು. ಸೆರಗು ಬಾಯಲ್ಲಿರುವಷ್ಟು ಹೊತ್ತು ಮಾತಿಲ್ಲ.

ನಮ್ಮ ಕಡೆಯ ಬಿಸಿಲಿಗೆ ಆ ಚಿತ್ರ ಎಷ್ಟು ಹೊತ್ತು ನಿಲ್ಲಬೇಕು? ಒಂದು ಚಾ ಕುಡಿದು ಕಪ್ಪು ಕೆಳಗಿಡುವಷ್ಟರಲ್ಲಿ ಕಲ್ಲು ಮತ್ತೆ ಬೂದಿ. ನನ್ನ ಹೆಂಡತಿ ಅಯ್ಯೋ ಎಂದರೆ ಅಕ್ಕ ನಗುತ್ತಿದ್ದಳು. "ಬಿಸಲು ನನ್ನ ರಬ್ಬರು. ಪುಕ್ಕಟೆ ಸಿಗ್ತದ, ನಿನಗ್ಯಾಕ ಸಂಕಟ?"

ದಪ್ಪ ನೀರು ತಡವಾಗಿ ಆರುತ್ತದೆ, ತೆಳು ಗೀರು ಬೇಗ ಆರುತ್ತದೆ. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಬೇವಿನ ಬೊಡ್ಡೆಗೆ ಅರಿವೆ ಹಿಂಡಿ ನೀರು ಕೊಡುತ್ತಿದ್ದಳು, ಕೊಂಬೆಯ ಮೇಲಿನ ಹಕ್ಕಿಗೆ ಬರೀ ಕಿರುಬೆರಳ ತುದಿ. ನೋಡುತ್ತಿದ್ದಂತೆ ಹಕ್ಕಿ ಮಾಯವಾಗುತ್ತಿತ್ತು, ಗಿಡ ಉಳಿಯುತ್ತಿತ್ತು. ನಾನು ಮಧ್ಯಾಹ್ನ ಊಟಕ್ಕೆ ಬಂದಾಗಲೇ ಅವಳು ಚಿತ್ರ ತೆಗೆಯುತ್ತಿದ್ದದ್ದು, ಫೋಟೋ ಹೊಡೆಯಲು ನಾನು ಬೇಕಿತ್ತು. ನಾನು ಫೋನು ಹಿಡಿದು ನಿಂತರೆ ಅವಳು ಕಲ್ಲನ್ನೇ ನೋಡುತ್ತ ಹೇಳುತ್ತಿದ್ದಳು: "ಈಗ ಬ್ಯಾಡ. ತಡಿ. ತಡಿ. ಹೂಂ, ಈಗ." ಅವಳು ಈಗ ಅಂದ ಗಳಿಗೆಯಲ್ಲಿ ಹೊಡೆದರೆ ಅದೇ ಚಿತ್ರ. ಒಂದು ಉಸಿರು ಆಚೀಚೆಯಾದರೆ ಬೇರೆಯದೇ ಆಗಿಬಿಡುತ್ತಿತ್ತು.

ಒಮ್ಮೆ ಅವ್ವನ ಚಿತ್ರ ತೆಗೆದಳು. ಅವ್ವ ತೀರಿಕೊಂಡಾಗ ನಾನು ತೀರಾ ಚಿಕ್ಕವನು. ಮನೆಯಲ್ಲಿ ಫೋಟೋ ಇಲ್ಲ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಾಳೆ. ನಾನು ಫೋನು ಎತ್ತಿದೆ. ಅವಳು ತಡಿ ಎಂದಳು. ಮುಖ ಆರಿತು, ಕುತ್ತಿಗೆ ಆರಿತು, ಮೊರ ಹಿಡಿದ ಎರಡು ಕೈ ಉಳಿದವು. ಆಗ "ಈಗ" ಎಂದಳು. ಮುಖ ಇದ್ದಾಗಲೇ ಯಾಕೆ ಹೊಡೆಯಲು ಹೇಳಲಿಲ್ಲ ಎಂದು ಕೇಳಿದೆ. "ಅವ್ವನ ಮಾರಿ ನಿನಗ ನೆನಪಿಲ್ಲ. ಕೈ ನೆನಪಿರ್ತಾವ," ಎಂದಳು. ಖರೆ ಇತ್ತು. ಆ ಕೈ ನನಗೆ ನೆನಪಿದ್ದವು, ನೋಡುವವರೆಗೂ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ನನಗೆ ಅಕ್ಕನ ಬಗ್ಗೆ ಹೆಮ್ಮೆ ಇತ್ತು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದಷ್ಟು ಇತ್ತು. ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದಲ್ಲಿ ಒಬ್ಬ ಹೆಣ್ಣುಮಗಳ ಟೇಲರ್ ಅಂಗಡಿಗೆ ಫರಸಿ ಹಾಸಲು ಹೋಗಿದ್ದೆ. ಆಕೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ, ಕತ್ತರಿಸಿ ಉಳಿದ ಬಟ್ಟೆಯ ತುಂಡುಗಳ ಮೇಲೆ ಬೆಕ್ಕು, ಕೋಳಿ ಬಿಡಿಸುತ್ತಿದ್ದಳು. ನಾನು ತಡೆಯಲಾರದೆ ಫೋನು ತೆಗೆದು ಅವ್ವನ ಕೈ ತೋರಿಸಿದೆ. ಆಕೆ ಮಷಿನ್ ನಿಲ್ಲಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ನಂಬರು ಕೇಳಿ ಫೋನಿನ ಒಂದು ಗುಂಪಿಗೆ ಸೇರಿಸಿದಳು.

ಗುಂಪಿನ ಹೆಸರು "ಗೀರು". ಅದರಲ್ಲಿದ್ದವರೆಲ್ಲ ನಮ್ಮ ಸುತ್ತಿನ ಊರಿನವರು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ. ಯಾರೂ ಚಿತ್ರ ಕಲಿತವರಲ್ಲ, ಮಾರುವವರೂ ಅಲ್ಲ. ಸೇಡಂ ಶಾಲೆಯಲ್ಲಿ ಬಿಸಿಯೂಟ ಮಾಡುವ ಒಬ್ಬಾಕೆ ಇದ್ದಿಲಿನಿಂದ ಬರೆಯುತ್ತಿದ್ದಳು. ಚಿತ್ತಾಪುರ ಕೋರ್ಟಿನ ಹೊರಗೆ ಅರ್ಜಿ ಬರೆದುಕೊಡುವ ಒಬ್ಬರು, ಕೆಟ್ಟ ಹಾಳೆಗಳ ಹಿಂದೆ, ತಮ್ಮ ಮುಂದೆ ಕಾಯುತ್ತ ಕೂತವರ ಮುಖ ತೆಗೆಯುತ್ತಿದ್ದರು. ಗುಂಪು ಕಟ್ಟಿದವರು ನಾಲವಾರದ ಒಬ್ಬ ಮುದುಕರು, ರೈಲ್ವೆ ಗೇಟು ಕಾಯ್ದು ರಿಟೈರ್ ಆದವರು. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲಿನಲ್ಲಿ, ಗೇಟು ಹಾಕಿದಾಗ ಆಚೆ ನಿಂತ ಮಂದಿಯನ್ನು ತೆಗೆಯುತ್ತಿದ್ದರು.

ಆ ಮುದುಕರು ಗುಂಪಿಗೆ ಎರಡು ಕಟ್ಟಳೆ ಮಾಡಿದ್ದರು. ಹೆಬ್ಬೆಟ್ಟು, ಹೂವು, ಕೈಮುಗಿಯುವ ಗೊಂಬೆ ಕಳಿಸುವಂತಿಲ್ಲ. ಬಾಯಿಬಿಟ್ಟು ಮಾತಾಡಿಯೇ ಕಳಿಸಬೇಕು, ಯಾಕೆಂದರೆ ಅರ್ಧ ಮಂದಿಗೆ ಓದಲು ಬರುತ್ತಿರಲಿಲ್ಲ. ಮಾತಾಡುವಾಗ ಎರಡು ಹೇಳಬೇಕು. ಕಂಡದ್ದು ಒಂದು, ಕಾಣದ್ದು ಒಂದು. ಚಿತ್ರದಲ್ಲಿ ನನಗೆ ಇದು ಕಂಡಿತು, ಇದು ಕಾಣಬೇಕಿತ್ತು, ಕಾಣಲಿಲ್ಲ. ಇದು ಮೊದಲನೆಯದು. ಎರಡನೆಯದನ್ನು ಅವರು ಹೊಸಬರು ಬಂದಾಗಲೆಲ್ಲ ಹೇಳುತ್ತಿದ್ದರು: "ಯಾರ ಚಿತ್ರಾನೂ ಮಾತಿಲ್ದ ಮಲಗಬಾರದು." ಇವತ್ತು ಬಂದ ಚಿತ್ರಕ್ಕೆ ಇವತ್ತೇ ಯಾರಾದರೂ ಒಬ್ಬರು ಮಾತಾಡಲೇಬೇಕು.

ಮಧ್ಯಾಹ್ನ ನಾನು ಚಿತ್ರ ಕಳಿಸಿ ಕೆಲಸಕ್ಕೆ ಹೋದರೆ ಸಂಜೆಯೊಳಗೆ ಮಾತುಗಳು ಬಂದಿರುತ್ತಿದ್ದವು. ನಾನು ಮನೆಗೆ ಬಂದು ಕೈಕಾಲು ತೊಳೆಯುವುದರೊಳಗೆ ಅಕ್ಕ ಅಂಗಳದ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಿರುತ್ತಿದ್ದಳು. ನಾನು ಫೋನಿನಲ್ಲಿ ಒಂದೊಂದೇ ಮಾತು ಹಚ್ಚಿ ಕೇಳಿಸುತ್ತಿದ್ದೆ. ಅವಳು ತಲೆ ಒಂದು ಬದಿಗೆ ವಾಲಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕಂಡದ್ದಕ್ಕೆ ಏನೂ ಅನ್ನುತ್ತಿರಲಿಲ್ಲ. ಕಾಣದ್ದನ್ನು ಮಾತ್ರ ಎರಡನೆಯ ಸಲ ಹಚ್ಚು ಎನ್ನುತ್ತಿದ್ದಳು. ಮರುದಿನ ಅದನ್ನೇ ತಿದ್ದಿ ತೆಗೆಯುತ್ತಿದ್ದಳು. ತಾನೂ ಬೇರೆಯವರ ಚಿತ್ರಕ್ಕೆ ಮಾತು ಕಳಿಸುತ್ತಿದ್ದಳು. ಸೇಡಮಿನಾಕೆಯ ಇದ್ದಿಲು ಚಿತ್ರ ನೋಡಿ ಒಮ್ಮೆ ಹೇಳಿದ್ದು ನೆನಪಿದೆ: "ಕಂಡದ್ದು, ಸಾರು ಕುದಿಲಿಕತ್ತದ. ಕಾಣದ್ದು, ಉಣ್ಣವರು. ಇಷ್ಟು ಸಾರು ಯಾರಿಗಿ, ಯವ್ವಾ?" ಗುಂಪೆಲ್ಲ ನಕ್ಕಿತ್ತು. ಆ ಹೆಣ್ಣುಮಗಳು ಮರುದಿನ ತಟ್ಟೆ ಹಿಡಿದ ಮಕ್ಕಳ ಸಾಲನ್ನೇ ಬರೆದು ಕಳಿಸಿದಳು.

ನಿಮ್ಮ ಮುಖ ನೋಡಿಲ್ಲ, ದನಿ ಮಾತ್ರ ಗೊತ್ತು ಎಂದು ಅಕ್ಕ ಒಂದು ಸಲ ಗುಂಪಿನಲ್ಲಿ ಹೇಳಿದಾಗ, ನಾಲವಾರದ ಮುದುಕರು ತಮ್ಮ ಗುರುತು ಹೇಳಿದ್ದರು: ನನ್ನ ಚಪ್ಪಲಿಯ ಉಂಗುಟ ಹರಿದದ, ಎಲ್ಲಿ ನೋಡಿದರೂ ಹಿಡಿಯಬಹುದು. ಉಳಿದವರೂ ನಗುತ್ತ ತಮ್ಮ ತಮ್ಮ ಚಪ್ಪಲಿಯ ಸುದ್ದಿ ಹೇಳಿದರು. ಇದು ಆಮೇಲೆ ಬೇಕಾಗುತ್ತದೆ, ಅದಕ್ಕೆ ಇಲ್ಲಿ ಬರೆದೆ.

ಯುಗಾದಿ ಆದ ಮೇಲಿನ ಮಾತು. ಕಾರ್ಖಾನೆಯಲ್ಲಿ ಚಾ ಹೊತ್ತು. ಹಾಡು ಕೇಳಲು ನನ್ನ ಫೋನನ್ನು ಅಲ್ಲಿನ ಡಬ್ಬಿ ಸ್ಪೀಕರಿಗೆ ಜೋಡಿಸಿದ್ದರು. ಅದು ಮರೆತು ನಾನು ಗುಂಪು ತೆರೆದು ಒಂದು ಮಾತು ಹಚ್ಚಿದೆ. ಚಿತ್ತಾಪುರದ ಅರ್ಜಿ ಬರೆಯುವವರ ದನಿ ಇಡೀ ಶೆಡ್ಡಿನಲ್ಲಿ ಮೊಳಗಿತು: "ಅಕ್ಕಾವ್ರ, ನಿಮ್ಮ ಅವ್ವನ ಕೈ ನೋಡಿದಾಗಿಂದ ನನಗ ನಿದ್ದಿ ಹತ್ತವಲ್ದು."

ಮಷಿನ್ ನಿಂತಿತ್ತು. ಎಲ್ಲರಿಗೂ ಕೇಳಿಸಿತು. ಅವ್ವನ ಕೈ ಎಂಬುದು ಯಾರಿಗೂ ಕೇಳಿಸಲಿಲ್ಲ, ನಿದ್ದೆ ಎಂಬುದು ಮಾತ್ರ ಕೇಳಿಸಿತು. ಕಲ್ಲು ಕೊಯ್ಯುವವನು ಚಾ ಗ್ಲಾಸು ಕೆಳಗಿಟ್ಟು ನನ್ನ ಕಡೆ ತಿರುಗಿದ. "ಏನ್ ಮಾವಾ, ಚಿತ್ತಾಪುರದಾಗ ಯಾರದೋ ನಿದ್ದಿ ಕೆಟ್ಟದಂತಲ್ಲ. ಅಕ್ಕಗ ಹೇಳು, ಫೋನಿನಾಗೇ ಜರಾ ಜೋಗುಳ ಹಾಡು ಅಂತ."

ಹದಿನೈದು ದಿನ ಅದೇ ಮಾತು. ಬೆಳಿಗ್ಗೆ ನಾನು ಗೇಟು ದಾಟಿದರೆ, ನಿದ್ದಿ ಹತ್ತಿತಂತೇನು ಎಂದು ಒಬ್ಬ. ಇಲ್ಲ, ಇನ್ನೂ ಹೊರಳಾಡ್ಲಿಕತ್ತಾರ ಎಂದು ಇನ್ನೊಬ್ಬ. ಅವರು ಕೆಟ್ಟವರಲ್ಲ. ದಿನವಿಡೀ ಕಲ್ಲಿನ ಸದ್ದಿನಲ್ಲಿರುವವರಿಗೆ ನಗಲು ಏನಾದರೂ ಬೇಕು. ನಾನೂ ಬೇರೆಯವರ ಮೇಲೆ ಹೀಗೆ ನಕ್ಕವನೇ.

ಆ ದಿನ ಸಂಜೆ ಅಕ್ಕ ಏನಂದ್ರು ಎಂದು ಕೇಳಿದಾಗ, ಯಾರೂ ಏನೂ ಅನ್ನಲಿಲ್ಲ ಎಂದೆ. ನಾಚಿಕೆಯಿಂದ ಅಂದದ್ದು. ಮರುದಿನವೂ ಅಂದೆ. ಅವಳು ತಾನೇ ಮಾತು ಕಳಿಸುತ್ತೇನೆ ಎಂದಾಗ ಏನೋ ಕೆಟ್ಟಿದೆ, ಗುಂಪಿಗೆ ನಮ್ಮ ಮಾತು ಹೋಗುತ್ತಿಲ್ಲ ಎಂದೆ. ಹದಿನೈದು ದಿನಕ್ಕೆ ಕಾರ್ಖಾನೆಯ ನಗೆ ನಿಂತಿತು. ನನ್ನ ಸುಳ್ಳು ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಪ್ಪತ್ತು ವರ್ಷದಿಂದ ಕಲ್ಲು ಪಾಲಿಶ್ ಮಾಡಿದ್ದೇನೆ. ನನ್ನ ಕಲ್ಲಿನ ಮೇಲೆ ಎಷ್ಟು ಮಂದಿ ನಡೆದಾಡಿದ್ದಾರೋ. ಯಾರೂ ಒಂದು ದಿನ ನಿಂತು, ಇದರಲ್ಲಿ ನನಗೆ ಇದು ಕಂಡಿತು ಎಂದಿಲ್ಲ. ಬಿಸಿಲಿಗೆ ಆರಿಹೋಗುವ ನೀರಿಗೆ ಐದು ಊರಿನ ಮಂದಿ ಮಾತಾಡುತ್ತಿದ್ದರು. ಅದು ನನಗೆ ಚುಚ್ಚುತ್ತಿತ್ತು. ಅವಳಿಗೆ ಮಾತು ತಲುಪದ ದಿನ ಮನಸ್ಸಿಗೆ ಒಂಥರಾ ಹಗುರಾಗುತ್ತಿತ್ತು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಉಪಯೋಗವಿಲ್ಲ.

ಚಿತ್ರ ಮಾತ್ರ ದಿನಾ ಕಳಿಸುತ್ತಿದ್ದೆ. ಅವಳು ಎದುರಿಗೇ ನಿಂತು ನೋಡುತ್ತಿದ್ದಳು, ಕಳಿಸದೆ ದಾರಿಯಿರಲಿಲ್ಲ. ಮಾತುಗಳು ಬರುತ್ತಿದ್ದವು. ಕೇಳದ ಮಾತಿನ ಪಕ್ಕ ಸಣ್ಣ ಮೈಕಿನ ಗುರುತು ಇರುತ್ತದೆ. ಕೇಳಿದ ಮೇಲೆ ಅದರ ಬಣ್ಣ ಬದಲಾಗುತ್ತದೆ. ಬಣ್ಣ ಬದಲಾಗದ ಗುರುತುಗಳು ಒಂದರ ಕೆಳಗೊಂದು ಬೆಳೆಯುತ್ತ ಹೋದವು. ನಾನೂ ಕೇಳಲಿಲ್ಲ, ಅವಳಿಗೂ ಕೇಳಿಸಲಿಲ್ಲ.

ಅಕ್ಕ ಗುಂಪಿನವರ ಮೇಲೆ ಸಿಟ್ಟಾಗುತ್ತಾಳೆ, ಆಮೇಲೆ ತಾನೇ ಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಸಿಟ್ಟಾಗಲಿಲ್ಲ. ಒಂದು ತಿಂಗಳ ಮೇಲೆ ಒಂದು ಸಂಜೆ, ನಾನು ಕೈಕಾಲು ತೊಳೆಯುವಾಗ, ಹಿಂದಿನಿಂದ ಮೆಲ್ಲಗೆ ಹೇಳಿದಳು:

"ಅವರು ಮಾತಿಗಿ ತಪ್ಪೋ ಮಂದಿ ಅಲ್ಲ. ಯಾರ ಚಿತ್ರಾನೂ ಮಾತಿಲ್ದ ಮಲಗಬಾರದು ಅಂತ ಅವರೇ ಅಂದಾರ. ಅಂದಮ್ಯಾಲ ನಂದು ಚಿತ್ರ ಆಗೇ ಇಲ್ಲ. ಬರೇ ನೀರು ಚೆಲ್ಲೀನಿ."

ನಾನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಒರೆಸಿಕೊಂಡೆ.

ಅಂದಿನಿಂದ ಅವಳು ಇನ್ನೂ ಹೆಚ್ಚು ಹೊತ್ತು ಕೂತು ಚಿತ್ರ ತೆಗೆಯತೊಡಗಿದಳು. ಒಂದೇ ಗೀರಿನ ಮೇಲೆ ಹತ್ತು ಸಲ ಅರಿವೆ ಎಳೆಯುತ್ತಿದ್ದಳು. ಮಳೆಗಾಲದಲ್ಲಿ ಪಡಸಾಲೆಯಲ್ಲಿ ಕೂತು ತೆಗೆದಳು. ಮೊಣಕಾಲು ಕಲ್ಲಿಗೆ ಒತ್ತಿ ಒತ್ತಿ ಕಪ್ಪಾದವು. ಒಂದು ದಿನ ನನ್ನನ್ನೇ ಕೇಳಿದಳು, "ಅವರು ಬಿಡು. ನಿನಗೇನ್ ಕಂಡ್ತು, ತಮ್ಮಾ?" ಎಂದು. ನನಗೇನು ತಿಳಿಯುತ್ತದೆ ಎಂದು ಹೇಳಿ ಊಟಕ್ಕೆ ಕುಳಿತೆ.

ದಸರೆ ಮುಗಿದ ವಾರ. ಆ ದಿನ ಅವಳು ಹೊಸ್ತಿಲಿನ ಮುಂದಿನ ಕಲ್ಲಿನ ಮೇಲೆ ತೆಗೆದದ್ದು ಚಪ್ಪಲಿಗಳು. ಬರೀ ಚಪ್ಪಲಿ, ಮನುಷ್ಯರಿಲ್ಲ. ಮನೆಗೆ ಮಂದಿ ಬಂದಾಗ ಹೊರಗೆ ಬಿಟ್ಟಿರುತ್ತಾರಲ್ಲ, ಹಾಗೆ. ಒಂದು ಜೊತೆ ನೆಟ್ಟಗೆ, ಒಂದು ಓರೆಯಾಗಿ, ಒಂದು ಒಂದರ ಮೇಲೊಂದು. ಒಂದಕ್ಕೆ ಉಂಗುಟ ಹರಿದಿತ್ತು. ನನಗೆ ಹೊಳೆಯಿತು, ಹೊಳೆಯದವನಂತೆ ನಿಂತೆ. ಹೊತ್ತಾಗಿತ್ತು, ಕಾರ್ಖಾನೆಯಲ್ಲಿ ಲಾರಿ ನಿಂತಿತ್ತು. ಅವಳು ಎಲ್ಲ ಮುಗಿಸಿ ಕೊನೆಗೆ ಹೊಸ್ತಿಲ ಹತ್ತಿರ ಬರೀ ಕಿರುಬೆರಳಲ್ಲಿ ಏನೋ ಎಳೆದು, ಕೂಡಲೇ ಈಗ ಎಂದಳು. ನಾನು ಆಗ ಲಾರಿಯವನ ಫೋನಿಗೆ ಉತ್ತರ ಕೊಡುತ್ತಿದ್ದೆ. ಅವಳು ಮತ್ತೆ ಈಗ ಎಂದಳು. ಮಾತು ಮುಗಿಸಿ, ಫೋಟೋ ಹೊಡೆದು, ಕಳಿಸಿದೆ.

"ಎಲ್ಲಾ ಬಂದಾವೇನು?" ಎಂದಳು.

ನೋಡದೆಯೇ "ಬಂದಾವ" ಎಂದೆ.

ಆ ವಾರವೇ ಅವಳಿಗೆ ಜ್ವರ ಬಂತು. ಎರಡು ದಿನ ಇಲ್ಲಿನ ಡಾಕ್ಟರ್ ಗುಳಿಗೆ, ಮೂರನೆಯ ದಿನ ಕಲಬುರಗಿ ದವಾಖಾನೆ. ದಾರಿಯಲ್ಲಿ ನನ್ನ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಒಮ್ಮೆ ಕಣ್ಣು ಬಿಟ್ಟು ನನ್ನ ಕಡೆ ನೋಡಿ, ತುಟಿ ಅಲ್ಲಾಡಿಸಿದಳು. ಅದೇ ಪ್ರಶ್ನೆ. ಎರಡೇ ಶಬ್ದದ ಉತ್ತರ ಸಾಕಿತ್ತು, ಅಂದಾರ ಅಕ್ಕ, ಎಂದು. ಆದರೆ ಆಗ ಅಂದರೆ ಇಷ್ಟು ದಿನದ ಸುಳ್ಳೆಲ್ಲ ಬಿಚ್ಚಿಕೊಳ್ಳುತ್ತದೆ. ಮೊದಲು ಆರಾಮಾಗಲಿ, ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಮನೆಗೆ ತಂದದ್ದು ದೇಹವನ್ನು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಸಂಜೆ ಮನೆಗೆ ಬರುತ್ತೇನೆ. ಹೊಸ್ತಿಲ ಹತ್ತಿರ ಕಾಲು ತಾನಾಗಿಯೇ ನಿಲ್ಲುತ್ತದೆ. ಯಾರೂ ಏನೂ ಕೇಳುವುದಿಲ್ಲ. ಆದರೂ ನಾನು ಉತ್ತರ ಕೊಡದೆ ಒಳಗೆ ಹೋಗಲಾರೆ. ರೊಟ್ಟಿಯ ಅರಿವೆ ಬೋಗುಣಿಯ ಅಂಚಿನ ಮೇಲೆ ಒಣಗಿ ಗಟ್ಟಿಯಾಗಿತ್ತು, ಹೆಂಡತಿ ಅದನ್ನು ಮುಟ್ಟಲಿಲ್ಲ. ಒಂದು ಮುಂಜಾನೆ ಅಂಗಳ ತೊಳೆಯಲು ನೀರು ಹಾಕಿದವಳು, ಅರ್ಧಕ್ಕೇ ಕಸಬರಿಗೆ ಬಿಟ್ಟು ಒಳಗೆ ಬಂದಳು. ಆರುತ್ತಿರುವ ಕಲ್ಲಿನಲ್ಲಿ ಏನೋ ಕೂತಂತಿದೆ ಎಂದಳು. ಹೋಗಿ ನೋಡಿದೆ, ಏನೂ ಇರಲಿಲ್ಲ. ಫೋನಿನಲ್ಲಿ ಗುಂಪಿನ ಸದ್ದು ಬಂದ್ ಮಾಡಿದ್ದೆ. ನಾಲವಾರದ ಮುದುಕರು ಎರಡು ಸಲ ಫೋನು ಮಾಡಿದರು, ಎತ್ತಲಿಲ್ಲ. ಅಕ್ಕ ಇಲ್ಲ ಎಂದು ಗುಂಪಿಗೆ ತಿಳಿಸಲೂ ಇಲ್ಲ.

ದೀಪಾವಳಿಗೆ ನಾಲ್ಕು ದಿನ ಇರುವಾಗ ಒಂದು ಇಳಿಹೊತ್ತು, ಬಾಗಿಲಲ್ಲಿ ಒಬ್ಬ ಮುದುಕರು ನಿಂತಿದ್ದರು. ಬಿಳಿ ಅಂಗಿ, ಹೆಗಲಿಗೆ ಟವೆಲ್ಲು, ಕೈಯಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರ್ ಹಾಳೆ. ಮುಖ ನೋಡಿದ್ದಿಲ್ಲ. ಬಾಯಿ ತೆರೆದ ಕೂಡಲೇ ಗುರುತು ಹತ್ತಿತು.

"ತಂಗಿ ಅದಾಳೇನಪಾ? ನಾ ನಾಲವಾರದಿಂದ ಬಂದೀನಿ. ಫರಸಿ ಕೆಲಸದವನ ಮನಿ ಯಾವುದಂತ ಕೇಳ್ಕೋತ ಬಂದೆ."

ಹೇಳುತ್ತ ಹೇಳುತ್ತ ಅವರು ಚಪ್ಪಲಿ ಬಿಟ್ಟರು. ಬಲಗಾಲಿನದರ ಉಂಗುಟ ಹರಿದಿತ್ತು. ಅವರು ಅದನ್ನು ಬಿಟ್ಟದ್ದು ಹೊಸ್ತಿಲ ಮುಂದಿನ ಆ ಕಲ್ಲಿನ ಮೇಲೇ. ಒಳಗಿಂದ ಬಂದ ನನ್ನ ಹೆಂಡತಿಯೇ ಹೇಳಿದಳು, ಅಕ್ಕ ಹೋಗಿ ಇಷ್ಟು ದಿನವಾಯಿತೆಂದು.

ಅವರು ಅಂಗಳದ ಕಟ್ಟೆಯ ಮೇಲೆ ಕುಳಿತರು. ಹೆಂಡತಿ ನೀರು ಕೊಟ್ಟಳು, ಅದನ್ನು ಹಿಡಿದುಕೊಂಡೇ ಇದ್ದರು. ವಾಡಿಯಲ್ಲಿ ಗಾಡಿ ಬದಲಿಸಿ ಬಂದದ್ದನ್ನು, ತಂಗಿಗೆಂದು ಒಂದು ಚಿತ್ರ ತಂದದ್ದನ್ನು ಏನೇನೋ ಹೇಳಿದರು. ಆಮೇಲೆ ಗ್ಲಾಸು ಕೆಳಗಿಟ್ಟರು.

"ನಂದೇ ತಪ್ಪದ, ತಮ್ಮಾ. ಆ ಚಪ್ಲಿ ಚಿತ್ರಕ್ಕ ನಾ ಒಂದು ಮಾತಂದೆ. ಎಲ್ಲಾರ ಚಪ್ಲಿ ಅದಾವ ತಂಗಿ, ನಿಂದೇ ಕಾಣವಲ್ದಲ್ಲ, ಅಂತ. ಆಕಿ ಮೊದಲೇ ಮಾತು ಬಿಟ್ಟಿದ್ದಳು. ಅದಾದ ಮ್ಯಾಲ ಚಿತ್ರಾನೂ ಬರಲಿಲ್ಲ. ಮನಸ್ಸಿಗಿ ಹತ್ತಿರಬೇಕು, ಹೋಗಿ ಮಾಪಿ ಕೇಳೂನು ಅಂತ ಬಂದೆ. ಈಗ ನೋಡಿದ್ರ... ಅಂಥ ಮಾತು ನನ್ನ ಬಾಯಾಗ ಯಾಕ ಬಂತೋ."

ನನ್ನ ಕಡೆ ನೋಡಿದರು. "ಅದನ್ನ ಕೇಳಿ ಆಕಿ ಏನರೆ ಅಂದ್ಳೇನು?"

ನಾನು ಹೇಳಿದೆ, "ಏನೂ ಅನ್ನಲಿಲ್ಲ, ಕಾಕಾ."

ಅದೇ ಮಾತು. ಅಕ್ಕನಿಗೆ ಅಷ್ಟು ತಿಂಗಳು ಹೇಳಿದ ಮಾತನ್ನು ಅವರಿಗೂ ಹೇಳಿದೆ. ಅವರು ತಲೆ ತಗ್ಗಿಸಿ ಟವೆಲ್ಲಿನ ಅಂಚು ಹಿಂಜುತ್ತ ಕುಳಿತರು. ತಪ್ಪು ಮಾಡದವರು ನನ್ನ ಅಂಗಳದಲ್ಲಿ ತಪ್ಪು ಹೊತ್ತು ಕುಳಿತಿದ್ದರು, ನಾನು ಸುಮ್ಮನೆ ನೋಡುತ್ತ ನಿಂತಿದ್ದೆ.

ಹೊರಡುವ ಮುಂಚೆ, ತಂಗಿ ಎಲ್ಲಿ ಕೂತು ಚಿತ್ರ ತೆಗೆಯುತ್ತಿದ್ದಳು, ಆ ಜಾಗ ತೋರಿಸು ಎಂದರು. ಇಡೀ ಅಂಗಳ ತೋರಿಸಿದೆ. ಏನೂ ಇಲ್ಲ ಕಾಕಾ, ನೀರು, ಆರಿಹೋಗಿದೆ ಎಂದೆ. ಹೊತ್ತು ಪಡುವಣಕ್ಕೆ ಇಳಿದಿತ್ತು. ಗೋಡೆಯ ಸಂದಿನಿಂದ ಬಿಸಿಲು ಕಲ್ಲಿಗೆ ಅಡ್ಡಡ್ಡ ಬೀಳುತ್ತಿತ್ತು. ಗೇಟು ಕಾಯ್ದವರಿಗೆ ಹಳಿಯ ಮಟ್ಟಕ್ಕೆ ಬಗ್ಗಿ ದೂರ ನೋಡುವ ರೂಢಿ ಇರುತ್ತದೋ ಏನೋ. ಅವರು ಮೊಣಕಾಲೂರಿ, ಕೈಯೂರಿ, ಕೆನ್ನೆಯನ್ನು ಕಲ್ಲಿಗೆ ಹಚ್ಚುವಷ್ಟು ಬಗ್ಗಿದರು. ಹಾಗೇ ಇದ್ದರು. ಬಿದ್ದರೇನೋ ಎಂದು ನಾನು ಹತ್ತಿರ ಹೋದೆ.

"ಇಲ್ಲಿ ಬಾ," ಎಂದರು. "ಮಾರಿ ಇಲ್ಲಿ ಇಡು."

ನಾನೂ ಕೆನ್ನೆ ಹಚ್ಚಿದೆ. ಕಲ್ಲಿನ ಮೈಮೇಲೆ ಬೆಳ್ಳನೆಯ ಗೀರುಗಳಿದ್ದವು. ನಮ್ಮ ಬೋರಿನ ನೀರು ಸುಣ್ಣದ ಕಲ್ಲಿನ ಹೊಟ್ಟೆಯೊಳಗಿಂದ ಬರುತ್ತದೆ. ಬೋಗುಣಿಯ ತಳಕ್ಕೆ, ನಲ್ಲಿಯ ಬಾಯಿಗೆ ಬಿಳಿಯ ಪೊರೆ ಕಟ್ಟುತ್ತದೆ. ಇಪ್ಪತ್ತು ವರ್ಷ ಕಲ್ಲಿನ ಕೆಲಸ ಮಾಡಿದವನಿಗೆ ಅದು ಗೊತ್ತಿರಬೇಕಿತ್ತು. ಅವಳು ಎಳೆದ ಒಂದು ಗೀರೂ ಹೋಗಿರಲಿಲ್ಲ. ಹತ್ತು ಸಲ ಎಳೆದದ್ದು ದಪ್ಪಗೆ, ಒಂದೇ ಸಲ ಎಳೆದದ್ದು ಕೂದಲಿನಂತೆ. ಗಿಡದ ಮೇಲೆ ಮುಖ, ಮುಖದ ಮೇಲೆ ಬಂಡಿ, ಒಂದರ ಮೈಮೇಲೆ ಇನ್ನೊಂದು. ಅವ್ವನ ಕೈ ಇದ್ದವು. ಕೈಗಳ ಮೇಲೆ ಅವ್ವನ ಮುಖವೂ ಇತ್ತು. ನಾನು ಅದನ್ನು ದಿನಾ ತುಳಿದು ಒಳಗೆ ಹೋಗುತ್ತಿದ್ದೆ.

ಮುದುಕರು ಅಂಬೆಗಾಲಿಡುತ್ತ ಹೊಸ್ತಿಲ ಮುಂದಿನ ಕಲ್ಲಿಗೆ ಹೋದರು. ತಮ್ಮ ಚಪ್ಪಲಿಯನ್ನು ಎತ್ತಿ ಬದಿಗಿಟ್ಟರು. ಅದರ ಕೆಳಗೇ ಅವರ ಚಪ್ಪಲಿಯ ಚಿತ್ರವಿತ್ತು. ಬೆರಳಿಟ್ಟು ಒಂದೊಂದೇ ಹೇಳಿದರು, ಇದು ಚಂದಾಪುರದ ಟೇಲರ್ ಬಾಯಿದು, ಇದು ಸೇಡಮಿನಾಕೆಯದು. ಎಲ್ಲದರ ಮೂಗು ಒಳಬಾಗಿಲ ಕಡೆಗಿತ್ತು. ಆಮೇಲೆ ಅವರ ಬೆರಳು ಹೊಸ್ತಿಲ ಬುಡದಲ್ಲಿ ನಿಂತಿತು. ಅಲ್ಲಿ ಎಲ್ಲಕ್ಕಿಂತ ತೆಳುವಾಗಿ, ಕಿರುಬೆರಳಿನಷ್ಟೇ ಗೀರಿನಲ್ಲಿ, ಒಂದು ಸಣ್ಣ ಜೊತೆ. ಅದರ ಮೂಗು ಮಾತ್ರ ಹೊರಗಡೆಗೆ, ಬಂದವರನ್ನು ಎದುರುಗೊಂಡು ನಿಂತವಳ ಹಾಗೆ.

"ಇಲ್ಲೇ ಅದಾವಲ್ಲ," ಎಂದರು. ನಕ್ಕರು, ಕಣ್ಣು ಒರೆಸಿಕೊಂಡರು. "ತಂಗಿ ತಗದಿದ್ದಳು. ನಾ ಸುಳ್ಳೇ ಅಂದೆ." ಮತ್ತೆ ಕಲ್ಲು ನೋಡಿ ನನ್ನ ಕಡೆ ತಿರುಗಿದರು. "ಫೋಟೋದಾಗ ಯಾಕ ಬರಲಿಲ್ಲ, ತಮ್ಮಾ?"

ಆ ಮುಖದಲ್ಲಿ ಯಾವ ಸಂಶಯವೂ ಇರಲಿಲ್ಲ. ಸಂಶಯವಿದ್ದಿದ್ದರೆ ಇನ್ನೊಂದು ಸುಳ್ಳು ಹೇಳಿ ಪಾರಾಗುತ್ತಿದ್ದೆನೇನೋ. ನಾನು ಕಿಸೆಯಿಂದ ಫೋನು ತೆಗೆದು, ಸದ್ದು ಪೂರ್ತಿ ಏರಿಸಿ, ಯುಗಾದಿಯ ಹತ್ತಿರಕ್ಕೆ ಹೋಗಿ, ಮೊದಲನೆಯ ಮಾತು ಹಚ್ಚಿ ಕಲ್ಲಿನ ಮೇಲಿಟ್ಟೆ. ಒಂದು ಮುಗಿದರೆ ಇನ್ನೊಂದು. ಟೇಲರ್ ಬಾಯಿ ಮಾತಾಡಿದಳು, ಅರ್ಜಿಯವರು ಮಾತಾಡಿದರು, ಸೇಡಮಿನಾಕೆ ಸಾರು ಕುದಿಯುವ ಸದ್ದಿನ ನಡುವೆ ಮಾತಾಡಿದಳು. ಕಂಡದ್ದು ಇದು, ಕಾಣದ್ದು ಇದು. ಒಂದೊಂದು ಮಾತು ಮುಗಿದಂತೆ ಮೈಕಿನ ಗುರುತಿನ ಬಣ್ಣ ಬದಲಾಗುತ್ತ ಹೋಯಿತು. ಮೂರು ನಾಲ್ಕು ಮಾತಿಗೆ ಮುದುಕರಿಗೆ ತಿಳಿಯಿತು. ಅವರು ಗುರುತನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಗೂ ತಿಳಿಯಿತು. ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಅಕ್ಕಾ, ಯಾಕೆ ಮಾತು ಬಿಟ್ಟಿರಿ ಎಂದು ಆಷಾಢದಲ್ಲಿ ಕೇಳಿದವರಿದ್ದರು. ನಿಮ್ಮ ಮಾತಿಲ್ಲದೆ ನನ್ನ ಚಿತ್ರ ಬಾಯಾರಿದೆ ಎಂದವರಿದ್ದರು. ಒಂದು ದಿನವೂ ಖಾಲಿ ಇರಲಿಲ್ಲ. ಕೊನೆಗೆ ಮುದುಕರದೇ ದನಿ ಬಂತು: ಎಲ್ಲಾರ ಚಪ್ಲಿ ಅದಾವ ತಂಗಿ, ನಿಂದೇ ಕಾಣವಲ್ದಲ್ಲ. ತಮ್ಮ ದನಿ ಕೇಳಿ ಅವರು ಕಣ್ಣು ಮುಚ್ಚಿದರು.

ಅವರ ಗಾಡಿಯ ಹೊತ್ತು ಮೀರಿತ್ತು. ಬಿಸಿಲು ಹೋಗಿ ಕತ್ತಲಾಗಿತ್ತು, ಕಲ್ಲಿನ ಮೇಲಿನ ಗೀರುಗಳೂ ಕಾಣಿಸುತ್ತಿರಲಿಲ್ಲ. ಅವರು ಬೈಯುತ್ತಾರೆ ಎಂದು ಕಾಯುತ್ತಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಇನ್ನೊಂದು ಮಾತು ಬಾಕಿ ಅದ," ಎಂದರು. "ನಿಂದು. ನೀನೂ ನೋಡೀದಿ."

ನಾನು ಹೊಸ್ತಿಲ ಮುಂದಿನ ಕಲ್ಲಿನ ಎದುರು ಕುಕ್ಕರಗಾಲಲ್ಲಿ ಕುಳಿತೆ. ಅಂಗೈಯ ಹಿಂಬದಿಯನ್ನು ಕಲ್ಲಿಗೆ ಒತ್ತಿದೆ. ಇನ್ನೂ ಕಾವು ಇತ್ತು.

"ಅಕ್ಕಾ," ಎಂದೆ. "ಕಂಡದ್ದು, ಎಲ್ಲಾರೂ ಮನಿಗಿ ಬಂದಿದ್ರು. ಕಾಣದ್ದು, ನಿನ್ನ ಚಪ್ಲಿ. ನೀ ತಗದಿದ್ದಿ, ನಾ ತಡ ಮಾಡ್ದೆ. ಅವರು ದಿನಾ ಅಂದಾರ, ಅಕ್ಕಾ. ಒಂದು ದಿನಾನೂ ಬಿಟ್ಟಿಲ್ಲ. ನಾನೇ ನಿನಗ ಹೇಳ್ಲಿಲ್ಲ. ತಪ್ಪಾತು."